ಈರಮ್ಮ ತಂದ ಗಿಣ್ಣು

ಮೊದಲು ಗಂಟಲಲ್ಲಿ ನಿಂತದ್ದು ಮುದ್ದೆ.

ಎಪ್ಪತ್ತೈದರ ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ನನ್ನ ಹೆಂಡತಿ ಸುಗುಣ ಒಂದು ತುತ್ತು ನುಂಗಿ ಎದೆ ಒತ್ತಿಕೊಂಡಳು. ನೀರು ಕುಡಿದಳು. ನೀರೂ ವಾಪಸ್ಸು ಬಂತು. ಧರ್ಮಪುರದಲ್ಲಿ ಹನ್ನೊಂದು ವರ್ಷ ಮಿಡ್‌ವೈಫ್ ಆಗಿದ್ದವಳು, ಬೇರೆಯವರ ಕಾಯಿಲೆಯನ್ನು ಮುಖ ನೋಡಿಯೇ ಹೇಳುತ್ತಿದ್ದವಳು, ತನ್ನದನ್ನು ಎರಡು ತಿಂಗಳು ಮುಚ್ಚಿಟ್ಟಳು.

ದುರ್ಗದಲ್ಲಿ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಬೆಂಗಳೂರಿನಲ್ಲಿ ಬಯಾಪ್ಸಿ ಆಯಿತು. ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದರು. ಅವಳೂ ಹಿಂದೆಯೇ ಬಂದಳು.

“ನನಗೇ ಹೇಳಿ ಡಾಕ್ಟ್ರೇ. ಇವರಿಗೆ ಆಮೇಲೆ ನಾನೇ ಬಿಡಿಸಿ ಹೇಳ್ತೀನಿ.”

ಅನ್ನನಾಳದ ಕ್ಯಾನ್ಸರ್. ಆಪರೇಷನ್ನಿಗೆ ತಡವಾಗಿತ್ತು.

ಮನೆಗೆ ಬಂದೆವು. ನಾನು ಶಾಲೆಗೆ ಅರ್ಧ ದಿನ ಹೋಗಿಬಂದು ಗಂಜಿ ಸೋಸುತ್ತಿದ್ದೆ. ಅವಳು ಚಮಚದಲ್ಲಿ ಕುಡಿಯುತ್ತಿದ್ದಳು.

ಊರಿನಲ್ಲಿ ನಮ್ಮದೊಂದೇ ಕ್ರೈಸ್ತ ಮನೆ. ಆರಾಧನೆಗೆ ಬಸ್ಸು ಹತ್ತಿ ಹಿರಿಯೂರಿಗೆ ಹೋಗಬೇಕು. ಸುಗುಣ ಯಾರಿಗೂ ಉಪದೇಶ ಮಾಡಿದವಳಲ್ಲ. ಊರಾಚೆ ಕುರಿ ಸಾಕುವವರ ಹಟ್ಟಿಯಿತ್ತು. ಅಲ್ಲಿ ಹೆರಿಗೆಯ ಹೆಂಗಸರು ಹಟ್ಟಿಯ ಹೊರಗೆ ಗುಡಿಸಲಲ್ಲಿ ಇರಬೇಕು. ಇವಳು ಆ ಗುಡಿಸಲಲ್ಲೇ ಅವರ ಜೊತೆ ಕೂತಿರುತ್ತಿದ್ದಳು. ಕೈ ತೊಳೆದು, ಅವರನ್ನು ಕೇಳಿ, ಎರಡು ಮಾತು ಪ್ರಾರ್ಥನೆ ಮಾಡುತ್ತಿದ್ದಳು. ಮೊದಲ ಸಲ ಕೇಳಿದಾಗ ಹಟ್ಟಿಯ ಈರಮ್ಮ, “ಜೋರಾಗೇ ಕೇಳವ್ವ, ನಿಮ್ಮ ಸ್ವಾಮಿಗೆ ಕಿವಿ ಮಂದ ಇದ್ದೀತು” ಎಂದಳಂತೆ. ಈರಮ್ಮನ ಮಗಳಿಗೆ ಅಡ್ಡ ತಿರುಗಿದ ಕೂಸು. ತಾಯಿ ಮಗು ಇಬ್ಬರೂ ಉಳಿದರು. ಅಂದಿನಿಂದ ಈರಮ್ಮನದೂ ಇವಳದೂ ಅಕ್ಕತಂಗಿಯರ ಬಳಕೆ.

ನನ್ನ ಭಕ್ತಿ ಬೇರೆ ತರಹದ್ದು. ಹೆಚ್ಚಾಗಿ ಬೇಡ ಎನ್ನುವುದರಲ್ಲೇ ಇತ್ತು. ದೇವರಿಗೆ ಎಡೆ ಇಟ್ಟದ್ದನ್ನು ಮುಟ್ಟುವುದಿಲ್ಲ ಎಂಬುದು ನನಗೆ ದೊಡ್ಡ ಮಾತಾಗಿತ್ತು.

ಜೂನ್‌ನಲ್ಲಿ ಒಂದು ಬೆಳಿಗ್ಗೆ ಈರಮ್ಮ ಸೆರಗಿನಡಿ ಒಂದು ಚೊಂಬು ಹಿಡಿದು ಬಂದಳು. ಹಸು ಈದಿತ್ತು. ಬೆಲ್ಲ ಹಾಕಿ ಕಾಸಿದ ಗಿಣ್ಣು.

“ಮೆತ್ತಗೈತೆ ಮೇಷ್ಟ್ರೇ, ಜಾರಿ ಇಳೀತೈತೆ.”

ಹಟ್ಟಿಯಲ್ಲಿ ಗಿಣ್ಣು ಮೊದಲು ದೇವರಿಗೆ ಮೀಸಲು ಎಂದು ನಾನು ಬಲ್ಲೆ. “ಎಡೆ ಇಟ್ಟಿದ್ದು ನಾವು ತಿನ್ನಲ್ಲಮ್ಮ, ತಗೊಂಡು ಹೋಗು” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಚೊಂಬಿನ ಮೇಲೆ ಸೆರಗು ಎಳೆದುಕೊಂಡು ಹೋದಳು.

ಸುಗುಣ ಮಂಚದಿಂದಲೇ ಕೇಳಿಸಿಕೊಂಡಿದ್ದಳು.

“ಎಡೆ ಇಟ್ಟಿದ್ದಾ ಅಂತ ಕೇಳಿದ್ರಾ?”

“ಕೇಳೋದೇನು?”

“ನಾವು ತಿನ್ನಲ್ಲ ಅಂತ ಅವಳಿಗೆ ಗೊತ್ತು ಕಣ್ರಿ. ದೇವರ ಮುಂದೆ ಇಡೋಕೆ ಮುಂಚೇನೇ ನನ್ನ ಪಾಲು ತೆಗೆದಿಡ್ತಾಳೆ. ಅದಕ್ಕೆ ಮಾವನ ಹತ್ರ ಎಷ್ಟು ಸಲ ಬೈಸ್ಕೊಂಡಿದಾಳೋ.”

ನಾನು ಗಂಜಿಯ ಪಾತ್ರೆ ಎತ್ತಿಕೊಂಡು ಒಳಗೆ ಹೊರಟೆ.

“ನಾನು ಕಣ್ಣು ಮುಚ್ಚೋದ್ರೊಳಗೆ ಅವಳು ಈ ಮನೆಗೆ ಮತ್ತೆ ಬರಬೇಕು. ನೀವೇ ಹೋಗಿ ಕರೀರಿ.”

ಎರಡು ದಿನ ಹೋಗಲಿಲ್ಲ. ಮೇಷ್ಟ್ರ ಬಿಂಕ. ಆ ಎರಡು ದಿನದಲ್ಲಿ ಗಂಜಿಯೂ ಇಳಿಯದಾಯಿತು. ಅವಳು ಮತ್ತೆ ಹೇಳಲಿಲ್ಲ, ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ಮೂರನೆಯ ದಿನ ಹೊರಟೆ. ಹಟ್ಟಿಯ ಬೇಲಿಯ ಹೊರಗೆ ಎಲ್ಲರಂತೆ ಚಪ್ಪಲಿ ಬಿಟ್ಟೆ. ಈರಮ್ಮ ಕುರಿ ಕೂಡುವ ರೊಪ್ಪ ಗುಡಿಸುತ್ತಿದ್ದಳು.

“ತಪ್ಪಾಯ್ತು ಈರಮ್ಮ. ಕೇಳದೆ ಅಂದುಬಿಟ್ಟೆ.”

ಅವಳು ಪೊರಕೆ ನಿಲ್ಲಿಸಲಿಲ್ಲ. “ಓದಿದೋರು ನೀವು. ಒಂದ್ ಮಾತು ಕೇಳಾಕೆ ಏನಾಗಿತ್ತು?”

“ಬುದ್ಧಿ ಇರಲಿಲ್ಲ.”

“ಅದನ್ನ ಶಾಲೆ ಮಕ್ಕಳಿಗೆಲ್ಲ ಹಂಚಿಬಿಟ್ಟಿರೇನೋ.” ಪೊರಕೆ ಕೆಳಗಿಟ್ಟಳು. “ಗಿಣ್ಣು ಮುಗೀತು. ಹಾಲೈತೆ. ನಡೀರಿ, ಹೋಗಾಣ.”

ಮನೆಗೆ ಬಂದು ಈರಮ್ಮ ಸುಗುಣಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಹಾಲು ಬಿಟ್ಟಳು. ಮೂರು ಚಮಚ ಇಳಿಯಿತು. ನಾಲ್ಕನೆಯದು ಹೊರಗೆ ಬಂತು. ಸುಗುಣ ಅವಳ ಕೈ ಹಿಡಿದುಕೊಂಡಳು, ನನ್ನತ್ತ ನೋಡಿ ತಲೆಯಾಡಿಸಿದಳು.

“ನಿಮ್ಮ ಸ್ವಾಮೀನ ನೀವು ಕೇಳ್ರಿ ಮೇಷ್ಟ್ರೇ. ಅವ್ವಂಗೆ ಉಸಿರು ಸಾಲಲ್ಲ” ಎಂದಳು ಈರಮ್ಮ.

ಬೇರೆಯವರ ಎದುರು ನಾನು ಎಂದೂ ಬಾಯಿಬಿಟ್ಟು ಪ್ರಾರ್ಥಿಸಿದವನಲ್ಲ. ಅಂದು ಪ್ರಾರ್ಥಿಸಿದೆ. ವಾಸಿ ಮಾಡು ಎಂದು ಕೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಈರಮ್ಮನ ಮನೆಯವರ ಹೆಸರುಗಳು. ಅವಳು ಕಣ್ಣು ಮುಚ್ಚದೆ, ಚಮಚ ಹಿಡಿದೇ ಕೇಳಿಸಿಕೊಂಡಳು.

ಆಮೇಲೆ ಒಂಬತ್ತು ದಿನ. ನಾನು ಶಾಲೆಯಲ್ಲಿರುವ ಹೊತ್ತೆಲ್ಲ ಅವಳೇ ಕೂತಳು. ತುಟಿಗೆ ಹಾಲು ಸವರಿದಳು, ತಲೆ ಬಾಚಿದಳು, ಹಟ್ಟಿಯ ಸುದ್ದಿ ಹೇಳಿದಳು. ಎರಡು ಸಲ ಸುಗುಣ ನಕ್ಕಳಂತೆ.

ಒಂಬತ್ತನೆಯ ದಿನ ಹನ್ನೊಂದು ಗಂಟೆಗೆ ಶಾಲೆಗೆ ಕರೆ ಬಂತು. ಓಡಿದೆ. ಈರಮ್ಮ ಕಣ್ಣು ಮುಚ್ಚಿಸಿ, ಸೆರಗು ಸರಿ ಮಾಡಿ, ಪಕ್ಕದಲ್ಲಿ ಕೂತಿದ್ದಳು.

ನಾನು ಇರಲಿಲ್ಲ. ಅದು ಇನ್ನೂ ಚುಚ್ಚುತ್ತದೆ.

ಹಿರಿಯೂರಿನ ಚರ್ಚಿನಿಂದ ಬಂದ ಅಯ್ಯನವರು ಸಮಾಧಿಯ ಪ್ರಾರ್ಥನೆ ಮುಗಿಸಿ ನನ್ನನ್ನು ಪಕ್ಕಕ್ಕೆ ಕರೆದರು. ಕೊನೆಯ ಗಳಿಗೆಯಲ್ಲಿ ಯಾರೂ ವಿಶ್ವಾಸಿಗಳು ಹತ್ತಿರ ಇರಲಿಲ್ಲವಲ್ಲ ಎಂದು ಮರುಗಿದರು. ಹಟ್ಟಿಯ ಹೆಂಗಸರು ಆಚೆ ಬೇವಿನ ಮರದ ಕೆಳಗೆ ನಿಂತಿದ್ದರು.

“ನಮ್ಮವರೇ ಇದ್ದರು, ಅಯ್ಯನವರೇ” ಎಂದೆ.