ಬೆಸುಗೆ ಹಾಕಿದ ಡಿಫರೆನ್ಶಿಯಲ್

ಮೇಸ್ತ್ರಿಗಳ ಬಲಗಿವಿಯ ಮೇಲೆ ಯಾವಾಗಲೂ ಗ್ರೀಸಿನ ಕಪ್ಪು ಇರುತ್ತಿತ್ತು. ಗಾಡಿಯ ಆಕ್ಸಲಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಒಳಗಿನ ಸದ್ದು ಕೇಳುತ್ತಿದ್ದರು. ಅಷ್ಟು ಹೊತ್ತು ಯಾರೂ ಮಾತಾಡುವಂತಿರಲಿಲ್ಲ.

ಅವರ ಗ್ಯಾರೇಜು ಬೆಳ್ತಂಗಡಿಯಲ್ಲಿ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ರಬ್ಬರ್ ತೋಟವೊಂದರ ಪಿಕಪ್ ಓಡಿಸುತ್ತಿದ್ದೆ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ, ಮಿಲಿಟರಿಯವರು ಬಳಸಿ ಹರಾಜು ಹಾಕಿದ ಗಾಡಿ. ಆದರೂ ತೋಟದ ಜೇಡಿಮಣ್ಣಿನ ಏರಿನಲ್ಲಿ ಹಿಂದಿನ ಒಂದು ಚಕ್ರ ಸುಮ್ಮನೆ ತಿರುಗುತ್ತಿತ್ತು, ಇನ್ನೊಂದು ಅಲುಗುತ್ತಿರಲಿಲ್ಲ. ಇನ್ನೊಮ್ಮೆ ಹೂತರೆ ಬೇರೆ ಡ್ರೈವರನ್ನು ನೋಡುತ್ತೇನೆಂದು ಧಣಿಗಳು ಹೇಳಿಕಳಿಸಿದ್ದರು. ನನಗೆ ಆಗಷ್ಟೇ ಮದುವೆಯಾಗಿತ್ತು.

ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಆಕ್ಸಲಿನ ನಡುವಿನ ಡಿಫರೆನ್ಶಿಯಲ್ ಗಿಯರುಗಳನ್ನು ಲಾಕ್ ಮಾಡಿಕೊಡಿ ಎಂದು ಕೇಳಿದೆ. ಮೇಸ್ತ್ರಿಗಳು ಬಿದಿರಿನ ಗಳವೊಂದನ್ನು ತಂದು, ಒಂದು ತುದಿ ನನಗೆ ಕೊಟ್ಟು ಇನ್ನೊಂದನ್ನು ತಾವು ಹಿಡಿದರು. ಅಂಗಳದ ತೆಂಗಿನ ಮರಕ್ಕೆ ಸುತ್ತು ಬರುವ, ಇಬ್ಬರೂ ಸಮ ಹೆಜ್ಜೆ ಇಡಬೇಕು ಎಂದರು. ಸುತ್ತಿನ ಹೊರಬದಿಯಲ್ಲಿದ್ದವನು ನಾನು. ಅರ್ಧ ಸುತ್ತಿಗೆ ಮೊದಲೇ ಗಳ ನನ್ನ ಕೈಯಿಂದ ಜಾರಿತು.

“ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ನಡೀಬೇಕು ಮಾರಾಯ. ಲಾಕ್ ಮಾಡಿದ್ರೆ ಗಾಡಿ ತಿರುಗದೆ ನೆಟ್ಟಗೆ ಹೋಗ್ತದೆ.”

ಮಂಗಳೂರಿನಿಂದ ಇನ್ನೊಂದು ಬಗೆಯ ಡಿಫರೆನ್ಶಿಯಲ್ ತರಿಸುತ್ತೇನೆ, ಅದರೊಳಗೆ ತೆಳು ಪ್ಲೇಟುಗಳಿರುತ್ತವೆ, ಕೆಸರಿನಲ್ಲಿ ಎರಡೂ ಚಕ್ರಕ್ಕೆ ಬಲ ಕೊಡುತ್ತವೆ, ತಿರುವಿನಲ್ಲಿ ಸಡಿಲ ಬಿಡುತ್ತವೆ, ಒಂದು ತಿಂಗಳು ಕಾಯಿ ಎಂದರು.

ನಾನು ಕಾಯಲಿಲ್ಲ. ಮೂಡಬಿದಿರೆಗೆ ಹೋಗಿ ವೆಲ್ಡರೊಬ್ಬನಿಂದ ಒಳಗಿನ ಗಿಯರುಗಳಿಗೆ ಬೆಸುಗೆ ಹಾಕಿಸಿದೆ. ಗಾಡಿ ಜೇಡಿಮಣ್ಣಿನ ಏರು ಹತ್ತಿತು. ನಾಲ್ಕನೆಯ ದಿನ ಬಂಟ್ವಾಳಕ್ಕೆ ಹೋಗುವಾಗ ಡಾಮರು ರಸ್ತೆಯ ಮೇಲೆ ಸಣ್ಣ ಮಳೆ ಬಿದ್ದಿತ್ತು. ತಿರುವಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೂ ಗಾಡಿ ನೇರ ಹೋಗಿ ಗದ್ದೆಗೆ ಬಿತ್ತು. ಹಿಂದೆ ರಬ್ಬರ್ ಶೀಟುಗಳ ಮೇಲೆ ಕೂತಿದ್ದ ತೋಟದ ಆಳಿನ ಕಾಲು ಗಾಡಿಯ ಅಡಿಯಲ್ಲಿ ಸಿಕ್ಕಿತು. ಆಮೇಲೆ ಅವನು ಕೋಲಿಲ್ಲದೆ ನಡೆದದ್ದಿಲ್ಲ. ನನಗೆ ಏನೂ ಆಗಿರಲಿಲ್ಲ. ಗದ್ದೆಯ ಬದುವಿನ ಮೇಲೆ ಕೂತು ಚಪ್ಪಲಿಯ ಕೆಸರು ಒರೆಸುತ್ತಿದ್ದೆನಂತೆ. ನೋಡಿದವರು ಹೇಳಿದ್ದು.

ಗಾಡಿಯನ್ನು ಮೇಸ್ತ್ರಿಗಳ ಗ್ಯಾರೇಜಿಗೇ ಎಳೆತಂದರು. ಆಕ್ಸಲ್ ಬಿಚ್ಚಿದಾಗ ಧಣಿಗಳು ಅಲ್ಲೇ ನಿಂತಿದ್ದರು. ಬೆಸುಗೆ ನೋಡಿ, ಇದು ಯಾರ ಕೆಲಸ ಎಂದು ಕೇಳಿದರು. ನಾನು ಬಿಚ್ಚಿಟ್ಟ ನಟ್ಟುಗಳನ್ನು ಡಬ್ಬಿಗೆ ಹಾಕತೊಡಗಿದೆ.

“ನಾನೇ ಮಾಡಿದ್ದು,” ಎಂದರು ಮೇಸ್ತ್ರಿಗಳು.

ತೋಟದ ಗಾಡಿಗಳೆಲ್ಲ ಅಂದಿನಿಂದ ಬೇರೆ ಗ್ಯಾರೇಜಿಗೆ ಹೋದವು. ಧಣಿಗಳು ಹೊರಟ ಮೇಲೆ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

“ನನಗೆ ರಿಪೇರಿಗೆ ಬೇರೆ ಗಾಡಿ ಉಂಟು. ನಿನಗೆ ಬೇರೆ ಕೆಲಸ ಗೊತ್ತುಂಟಾ?”

ಅಷ್ಟೇ. ಮಂಗಳೂರಿನ ಡಿಫರೆನ್ಶಿಯಲ್ ಬಂದಾಗ ಗೋಣಿಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟು, ಎಲ್ಲಾದರೂ ಹಾಕಿಸಿಕೋ ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಏನಾದರೂ ಅನಿಸುತ್ತಿತ್ತೋ ಏನೋ.

ಐದಾರು ವರ್ಷಗಳ ನಂತರ ಮೇಸ್ತ್ರಿಗಳು ತೀರಿಕೊಂಡರು. ಉತ್ತರಕ್ರಿಯೆಯ ದಿನ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟು, ಬಾಗಿಲಿನ ಪಕ್ಕ ಕೂತರು.

“ಇಡೀ ಜೀವಮಾನದಲ್ಲಿ ಅವರ ಕೈ ತಪ್ಪಿದ್ದು ಒಂದೇ ಸಲ, ನಿಮ್ಮ ಗಾಡಿಯಲ್ಲಿ,” ಎಂದರು. “ನನ್ನ ಹತ್ತಿರವೂ ಹಾಗೇ ಹೇಳಿದ್ರು.”

ನಾನು ಹೌದು ಎಂದೆ. ಕಾಫಿ ಕುಡಿದು ಲೋಟ ಕೆಳಗಿಟ್ಟೆ.