ನೂಲಿನ ಕೋಣೆಯಲ್ಲಿ ನಾಲ್ಕು ತಂತಿವಾದ್ಯಗಳು

ಇಳಕಲ್ಲಿಗೆ ಬಂದ ಮೊದಲ ಬೆಳಿಗ್ಗೆ ನನ್ನ ಮಂಚ ನಡುಗುತ್ತಿತ್ತು. ಗೂಡಿನಲ್ಲಿಟ್ಟಿದ್ದ ಲೋಟ ತಾನಾಗಿಯೇ ಅಂಚಿಗೆ ಸರಿಯುತ್ತಿತ್ತು. ಭೂಕಂಪವೆಂದೇ ತಿಳಿದು ಬರಿಗಾಲಲ್ಲಿ ಅಂಗಳಕ್ಕೆ ಓಡಿದೆ. ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದ ಮನೆಯೊಡತಿ ನೀಲಕ್ಕ ನನ್ನ ಮುಖ ನೋಡಿ ನಕ್ಕುಬಿಟ್ಟರು.

“ಅಂಜಬ್ಯಾಡ್ರಿ ಅಕ್ಕೋರ. ಬಾಜೂ ಮನ್ಯಾಗ ನಮ್ಮ ಮೈದುನನ ಮಗ್ಗ ಚಾಲೂ ಆಗ್ಯಾವ. ನಾಕ ದಿನಕ್ಕ ರೂಢಿ ಆಗ್ತೈತಿ.”

ಪಾಠ ಹೇಳುವ ಹೆಂಗಸರನ್ನು ಇಲ್ಲಿ ಅಕ್ಕೋರು ಎನ್ನುತ್ತಾರೆ. ನಾನು ಮೈಸೂರಿನವಳು, ಇಲ್ಲಿನ ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಬಂದವಳು. ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ಟಿವಿ ಸ್ವಲ್ಪ ಜೋರಾದರೂ ಅಮ್ಮ ಕಿಟಕಿ ಮುಚ್ಚುತ್ತಾಳೆ. ಇಲ್ಲಿ ಗೋಡೆಯಾಚೆ ಆರು ವಿದ್ಯುತ್ ಮಗ್ಗಗಳು. ಅವು ನಿಂತರೆ ಬೀದಿಯವರೆಲ್ಲ ಹೊರಗೆ ಬಂದು ‘ಯಾಕ, ಏನಾತು’ ಎಂದು ಕೇಳುತ್ತಾರೆ.

ಒಂಟಿ ಹೆಂಗಸಿಗೆ ಬಾಡಿಗೆ ಮನೆ ಸಿಗುವುದು ಸುಲಭವಿರಲಿಲ್ಲ. ಎರಡು ಮನೆಯವರು “ಒಬ್ಬಾಕೀನ ಇರ್ತೀರೇನ್ರಿ?” ಎಂದು ಕೇಳಿ ಬಾಗಿಲು ಹಾಕಿಕೊಂಡಿದ್ದರು. ನೀಲಕ್ಕ ಕೇಳಿದ್ದು ಒಂದೇ ಪ್ರಶ್ನೆ: ಆ ಉದ್ದನೆಯ ಕರಿ ಪೆಟ್ಟಿಗೆಯಲ್ಲಿ ಏನಿದೆ? ವಯೋಲಾ ಎಂದೆ. ಪಿಟೀಲಿಗಿಂತ ಚೂರು ದೊಡ್ಡದು, ದನಿ ತಗ್ಗು. “ಅಂದ್ರ ಪಿಟೀಲಿನ ಅಕ್ಕ” ಎಂದು ತಾವೇ ತೀರ್ಮಾನಿಸಿ ಬೀಗದ ಕೈ ಕೊಟ್ಟರು.

ಜೋಳದ ಖಡಕ್ ರೊಟ್ಟಿಯನ್ನು ಮೊದಲ ಸಲ ಕಚ್ಚಿದಾಗ ವಸಡು ಕೊಯ್ದುಕೊಂಡಿತು. ಪಲ್ಯದಲ್ಲಿ ನೆನೆಸಿ ತಿನ್ನಬೇಕೆಂದು ಆಮೇಲೆ ಗೊತ್ತಾಯಿತು. ಶೇಂಗಾ ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದದ್ದನ್ನು ನೀಲಕ್ಕ ನೋಡಿದರು. ಮರುದಿನದಿಂದ ಮೊಸರಿನ ಬಟ್ಟಲು ತಾನಾಗಿಯೇ ನನ್ನ ಕಡೆ ಬರತೊಡಗಿತು. ಮೂರನೆಯ ತಿಂಗಳಲ್ಲಿ ಮೊಸರಿಲ್ಲದೆ ಎರಡು ರೊಟ್ಟಿ ಮುಗಿಸಿದ ದಿನ ಅಮ್ಮನಿಗೆ ಫೋನ್ ಮಾಡಿ, ಪರೀಕ್ಷೆಯಲ್ಲಿ ಪಾಸಾದವಳಂತೆ ಹೇಳಿಕೊಂಡಿದ್ದೆ.

ಆದರೆ ವಯೋಲಾ ಪೆಟ್ಟಿಗೆಯಲ್ಲೇ ಉಳಿಯಿತು. ಗೋಡೆಯಾಚೆಯ ಸದ್ದಿನಲ್ಲಿ ನನ್ನ ತಂತಿ ನನಗೇ ಕೇಳುತ್ತಿರಲಿಲ್ಲ. ಊರಲ್ಲಿದ್ದಾಗ ನಾವು ನಾಲ್ವರು ಸೇರಿ ನುಡಿಸುತ್ತಿದ್ದೆವು: ಮೊದಲ ಪಿಟೀಲು ಡೇನಿಯಲ್, ಎರಡನೆಯ ಪಿಟೀಲು ಶುಭಾ, ಮಂಡಿಗಳ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಚೆಲ್ಲೋ ಪ್ರಕಾಶನದು. ಇಂಥ ನಾಲ್ವರ ಮೇಳಕ್ಕೆ ಕ್ವಾರ್ಟೆಟ್ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ, ರೊಮ್ಯಾಂಟಿಕ್ ಎಂದು ಕರೆಯುವ ಕಾಲದಲ್ಲಿ ಬರೆದ ಎರಡು ಕೃತಿಗಳನ್ನು ರೆಕಾರ್ಡ್ ಮಾಡಬೇಕೆಂದು ಮೂರು ವರ್ಷ ತಾಲೀಮು ನಡೆಸಿದ್ದೆವು. ಅಷ್ಟರಲ್ಲಿ ನನಗೆ ಈ ಕೆಲಸ ಬಂತು. ಸ್ಟುಡಿಯೋ ಸಿಕ್ಕ ವಾರದಲ್ಲೇ ನನ್ನ ಕಾಲೇಜಿನಲ್ಲಿ ಪರೀಕ್ಷೆ; ರಜೆ ಸಿಗಲಿಲ್ಲ.

“ಬೇಜಾರು ಮಾಡ್ಕೋಬೇಡ ಕಣೇ,” ಎಂದ ಡೇನಿಯಲ್ ಫೋನಿನಲ್ಲಿ. “ನಿನ್ನ ಜಾಗಕ್ಕೆ ಬೇರೆ ಯಾರನ್ನಾದರೂ ನೋಡೋಣ ಅಂತಿದ್ದೀವಿ.”

ಸರಿ ಎಂದೆ.

ಆ ಸಂಜೆ ನೀಲಕ್ಕ ತಾವು ಸೀರೆ ನೇಯುವ ಕೈಮಗ್ಗದಿಂದೆದ್ದು ಚಹಾ ತಂದರು. ನನ್ನ ಮುಖ ನೋಡಿದವರು ಹೋಗಲಿಲ್ಲ, ಹೊಸ್ತಿಲ ಮೇಲೆ ಕೂತರು. ಎಲ್ಲ ಹೇಳಿದೆ.

“ಅವ್ರನ್ನ ಇಲ್ಲಿಗೇ ಕರೀರಲ್ಲ.”

“ಈ ಸದ್ದಿನಲ್ಲಾ ನೀಲಕ್ಕ? ಒಂದು ಸೂಜಿ ಬಿದ್ದರೂ ರೆಕಾರ್ಡಿಂಗ್ ಹಾಳಾಗುತ್ತೆ.”

ಅವರು ಒಳಗೆ ಹೋಗಿ ಅಂದಿನ ಪೇಪರ್ ತಂದರು. “ಮುಂದಿನ ಐತವಾರ ಮುಂಜಾನಿಂದ ಸಂಜಿತನಾ ಕರೆಂಟ್ ಇರೂದಿಲ್ಲಂತ. ಎಲ್ಲಾರೂ ಬೈಯಾಕತ್ತಾರ. ನಿಮಗ ಛಲೋ ಆತಲ್ರಿ? ಹಿಂದಿನ ನೂಲಿನ ಖೋಲಿ ಖಾಲೀನ ಐತಿ.”

ಹಿತ್ತಿಲ ಕಡೆಯ ಆ ಕೋಣೆಗೆ ಕಲ್ಲಿನ ಗೋಡೆ, ಎತ್ತರದ ಮರದ ಜಂತೆ. ನಿಂತು ಚಪ್ಪಾಳೆ ತಟ್ಟಿದೆ. ದನಿ ಮೇಲೇರಿ ಮೆತ್ತಗೆ ಇಳಿಯಿತು. ಕೂಡಲೇ ಡೇನಿಯಲ್‌ಗೆ ಫೋನ್ ಮಾಡಿದೆ. “ಬ್ಯಾಟರಿಯಲ್ಲಿ ನಡೆಯೋ ರೆಕಾರ್ಡರ್ ನನ್ನ ಹತ್ತಿರ ಇದೆ” ಎಂದ.

ಶನಿವಾರ ಮೂವರೂ ರೈಲಿನಲ್ಲಿ ಬಾಗಲಕೋಟೆಗೆ ಬಂದಿಳಿದರು. ಚೆಲ್ಲೋಗೆಂದೇ ಒಂದು ಬರ್ತ್ ಕಾಯ್ದಿರಿಸಿದ್ದರಂತೆ. ಜೀಪು ಅಮೀನಗಡದಲ್ಲಿ ನಿಂತಾಗ ಅಲ್ಲಿನ ಸಿಹಿ ಕರದಂಟು ಕೊಂಡು, ಇಳಕಲ್ ಮುಟ್ಟುವಷ್ಟರಲ್ಲಿ ಅರ್ಧ ಡಬ್ಬಿ ಮುಗಿಸಿದ್ದರು.

ಭಾನುವಾರ ಕರೆಂಟ್ ಹೋಯಿತು, ವಿದ್ಯುತ್ ಮಗ್ಗಗಳು ನಿಂತವು. ಆದರೆ ಕೈಮಗ್ಗಕ್ಕೆ ಕರೆಂಟು ಬೇಡವಲ್ಲ! ಓಣಿಯಲ್ಲಿ ನಾಲ್ಕು ಮನೆಗಳಿಂದ ಲಟಕ್ ಲಟಕ್ ಎಂಬ ಸದ್ದು. ನೀಲಕ್ಕ ಮದುವೆಯ ಸೀರೆಯೊಂದನ್ನು ಆ ವಾರವೇ ಮುಗಿಸಬೇಕಿತ್ತು. ಅವರು ಅದನ್ನು ಹಾಗೇ ಬಿಟ್ಟು ಮನೆಮನೆಗೆ ಹೋದರು. ಏನು ಹೇಳಿದರೋ ತಿಳಿಯದು. ಒಂದೊಂದಾಗಿ ಮಗ್ಗಗಳು ಸುಮ್ಮನಾದವು. ಒಬ್ಬ ಅಜ್ಜಿ ಮಾತ್ರ ಬಂದು, “ಅಳೂ ಹಾಡೇನ್ರಿ?” ಎಂದು ವಿಚಾರಿಸಿಕೊಂಡು ಹೋದರು.

ಮೊದಲ ಕೃತಿ ಮಧ್ಯಾಹ್ನಕ್ಕೆ ಮುಗಿಯಿತು. ಎರಡನೆಯದರ ನಿಧಾನದ ಭಾಗ ನನಗೆ ಮುಖ್ಯವಾಗಿತ್ತು, ಅದರಲ್ಲಿ ವಯೋಲಾ ಒಂದೇ ಹಾಡುವ ಹದಿನಾರು ಆವರ್ತಗಳಿವೆ. ಹತ್ತನೆಯದನ್ನು ನುಡಿಸುತ್ತಿದ್ದಾಗ ಗೋಡೆ ನಡುಗಿತು. ಕರೆಂಟ್ ಮೊದಲೇ ಬಂದುಬಿಟ್ಟಿತ್ತು. ಪಕ್ಕದ ಆರೂ ಮಗ್ಗಗಳು, ಓಣಿಯ ಉಳಿದ ವಿದ್ಯುತ್ ಮಗ್ಗಗಳೂ ಒಟ್ಟಿಗೆ ಅಬ್ಬರಿಸಿದವು.

ಶುಭಾ ಪಿಟೀಲಿನ ಕಮಾನು ಕೆಳಗಿಟ್ಟಳು. ಮರುದಿನ ಬೆಳಿಗ್ಗೆಯೇ ಅವರ ರೈಲು.

ನಾನು ಓಡಿ ಅಂಗಳಕ್ಕೆ ಬಂದೆ. ನೀಲಕ್ಕನ ಮೈದುನ ಮಹಾಂತಪ್ಪನವರು ಅಷ್ಟು ತಿಂಗಳಲ್ಲಿ ನನ್ನೊಡನೆ ಒಂದು ಮಾತೂ ಆಡಿದವರಲ್ಲ. ದಿನವಿಡೀ ನಿಂತ ಕೆಲಸಕ್ಕೆ ಬೆಳಿಗ್ಗೆಯಿಂದ ಸಿಡುಕುತ್ತಿದ್ದರು. ಕೇಳುವುದು ಹೇಗೆಂದು ಬಾಗಿಲಲ್ಲಿ ತಡವರಿಸುತ್ತಿದ್ದಂತೆ ಅವರು ತಲೆಯೆತ್ತಿ ನೋಡಿದರು.

“ಮುಗೀತೇನ್ರಿ ನಿಮ್ಮದು?”

“ಇಲ್ಲ. ಇನ್ನೊಂದು ಗಂಟೆ ಬೇಕಿತ್ತು.”

ಅವರು ಗೋಡೆಯ ಮೇನ್ ಸ್ವಿಚ್ ಇಳಿಸಿದರು. ಚಪ್ಪಲಿ ಮೆಟ್ಟಿಕೊಂಡು ಓಣಿಗಿಳಿದರು. ಅವರ ಗದರುವ ದನಿ ದೂರದವರೆಗೂ ಕೇಳಿತು: “ಲೇ ಈರ್ಯಾ, ಬಂದ್ ಮಾಡಲೇ! ಒಂದ ತಾಸು ಬಂದ್ ಮಾಡು! ಊರಿಂದ ಬಂದಾರ ಪಾಪ!”

ನಾವು ಮತ್ತೆ ಶುರುವಿನಿಂದ ಹಿಡಿದೆವು. ಹದಿನಾರು ಆವರ್ತಗಳೂ ಸಾಗಿದವು. ಬಾಗಿಲ ಹೊರಗೆ ಓಣಿಯವರು ಕೂತಿದ್ದರು. ಕೊನೆಯ ಸ್ವರ ಆರುವವರೆಗೆ ಯಾರೂ ಕೆಮ್ಮಲಿಲ್ಲ. ಆಮೇಲೆ ಮಹಾಂತಪ್ಪನವರೇ ಮೊದಲು ಮಾತಾಡಿದ್ದು. “ನಾಲ್ಕೂ ಮಂದಿ ಬ್ಯಾರೆ ಬ್ಯಾರೆ ಹೊಂಟಿರ್ತೀರಿ, ಆದ್ರ ಎಲ್ಲೂ ಎಳಿ ಹರಿಯೂದಿಲ್ಲ ನೋಡ್ರಿ.” ನನ್ನ ಸಂಗೀತದ ಬಗ್ಗೆ ಇಷ್ಟು ಚೆಂದದ ಮಾತು ಮೈಸೂರಿನಲ್ಲಿ ಯಾರೂ ಹೇಳಿರಲಿಲ್ಲ.

ನಾಲ್ಕು ತಿಂಗಳ ನಂತರ ಸಿ.ಡಿ. ಹೊರಬರುವ ಹೊತ್ತಿಗೆ ಡೇನಿಯಲ್ ಕೇಳಿದ: “ಹೊದಿಕೆಯ ಮೇಲೆ ನಿನ್ನ ಹೆಸರಿನ ಮುಂದೆ ಯಾವ ಊರು ಹಾಕಲಿ? ಒಂದಕ್ಕೇ ಜಾಗ ಇರೋದು.” ಎರಡು ದಿನ ಕಾಲಾವಕಾಶ ಕೇಳಿ, ಕೊನೆಗೆ ಇಳಕಲ್ ಎಂದೆ.

ದಸರಾ ರಜೆಯಲ್ಲಿ ಮೈಸೂರಿಗೆ ಹೋದಾಗ ಅಮ್ಮ ಹೊದಿಕೆಯನ್ನು ಕನ್ನಡಕ ಹಾಕಿಕೊಂಡು ಓದಿದಳು. ಬೇಸರವಾಗಿತ್ತು, ತೋರಿಸಲಿಲ್ಲ. ಬಂದವರಿಗೆಲ್ಲ ಸಿ.ಡಿ. ಹಾಕಿ, “ಇವಳು ಈ ಮನೇಲೇ ಕಲಿತದ್ದು, ಗೊತ್ತಾ?” ಎನ್ನುತ್ತಿದ್ದಳು. ಅತ್ತ ನೀಲಕ್ಕ ಸೀರೆ ಕೊಳ್ಳಲು ಬಂದವರಿಗೆ, “ಇದು ನಮ್ಮ ಮನ್ಯಾಗ ಆದ ಹಾಡು” ಎಂದು ಕೇಳಿಸುತ್ತಾರಂತೆ. ಅದನ್ನು ನಾನು ಅಮ್ಮನಿಗೆ ಹೇಳಿದೆ.

“ಹಾಗಾದರೆ ಯಾವುದಮ್ಮ ನಿಜ?” ಎಂದು ಕೇಳಿದಳು.

“ಎರಡೂ ಖರೆ” ಎಂದೆ.

“ಖರೆ ಅಂದ್ರೇನೇ?” ಎಂದಳು ಅಮ್ಮ.