ಅಮೆರಿಕದ ಮತಕ್ಕೆ ನಾನು ಸಾಕ್ಷಿ

ಶನಿವಾರ ಬಟ್ಟೆ ಒಗೆದು, ಬಂಗುಡೆ ಕೊಯ್ದು, ಮಸಾಲೆ ಅರೆಯುತ್ತಿದ್ದಾಗ ಯಾರೋ ಬಾಗಿಲು ಬಡಿದರು. ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿರುವ ನಮ್ಮ ಕಟ್ಟಡದ ಮೇಲಿನ ಮನೆಯ ಅಮೆರಿಕನ್ ಟೀಚರ್, ಕೈಯಲ್ಲಿ ಅಂಚೆ ಮತಪತ್ರ. ಸಾಕ್ಷಿಯ ಸಹಿ ಇಲ್ಲದಿದ್ದರೆ ಅವರ ರಾಜ್ಯದಲ್ಲಿ ಆ ಮತವನ್ನು ಎಣಿಸುವುದೇ ಇಲ್ಲವಂತೆ. ಕೊರಿಯರಿನವನು ಇನ್ನೇನು ಬರುವವನಿದ್ದ.

“ನಾನು ಇಂಡಿಯಾದವಳು, ಆಗ್ತದಾ ಟೀಚರೇ?”

“ಹದಿನೆಂಟು ದಾಟಿದ್ದರೆ ಸಾಕು.”

“ಅದು ದಾಟಿ ಎಷ್ಟೋ ಕಾಲವಾಯ್ತು” ಎಂದೆ.

ಅವರು ಗುರುತು ಹಾಕುವಾಗ ಮುಖ ತಿರುಗಿಸಿ ನಿಂತೆ. ಆಮೇಲೆ ಕೈ ತೊಳೆದು ಲಕೋಟೆಗೆ ಸಹಿ ಹಾಕಿದೆ. ನಮ್ಮ ಮತ ಹಾಕಬೇಕಾದರೆ ಊರಿಗೇ ಹೋಗಬೇಕು. ದೋಹಾಕ್ಕೆ ಬಂದ ಮೇಲೆ ನಾನು ಒಮ್ಮೆಯೂ ಹಾಕಿಲ್ಲ.

ಮಧ್ಯಾಹ್ನ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಉಂಡೆವು. “ಮುಂದಿನ ಚುನಾವಣೆಗೆ ನನಗೆ ಊರಿಗೆ ವಿಮಾನದ ಟಿಕೆಟ್ ಮಾಡಿ” ಎಂದು ಗಂಡನಿಗೆ ಹೇಳಿದೆ. “ನೋಡುವ ಮಾರಾಯ್ತಿ” ಎನ್ನುತ್ತ ಅವರು ನಿದ್ದೆ ಹೋದರು. ನನಗೆ ನಿದ್ದೆ ಬರಲಿಲ್ಲ.